ಇಸ್ತ್ರಿ ಕೋಣೆಯ ಕಿಟಕಿ

ಗುರುಮನೆಯ ಚರಿತ್ರೆಯನ್ನು ಈಗ ಮುಂಬಾಗಿಲಲ್ಲೇ ಹೇಳುತ್ತಾರೆ. ನೋಡಲು ಬಂದವರನ್ನು ಕಲ್ಲಿನ ಮೆಟ್ಟಿಲ ಮೇಲೆ ನಿಲ್ಲಿಸಿಕೊಂಡು ವ್ಯವಸ್ಥಾಪಕ ಶುರು ಮಾಡುತ್ತಾನೆ. ಊರಿನ ಗುರುಗಳೆಲ್ಲ ಒಂದೇ ಸೂರಿನಡಿ ಇರಲೆಂದು ಕಟ್ಟಿದ ಮನೆ. ಗೋಡೆ ತೋಳುದ್ದ ದಪ್ಪ. ಮಹಡಿಯಲ್ಲಿ ಮಲಗುವ ಕೋಣೆಗಳು, ಕೆಳಗೆ ಊಟದ ಕೋಣೆ, ಓದುವ ಕೋಣೆ, ಪ್ರಾರ್ಥನೆಯ ಕೋಣೆ. ಹಿಂದೆ ತೋಟ, ತೋಟದಲ್ಲಿ ಗುರುಗಳು ಪ್ರಾರ್ಥನೆ ಹೇಳಿಕೊಳ್ಳುತ್ತ ಓಡಾಡಿದ ದಾರಿ. ಹೊಳೆ ಉಕ್ಕಿ ಊರು ಮುಳುಗಿದ ವರ್ಷ ಈ ಮನೆಯ ಬಾಗಿಲು ಎಲ್ಲರಿಗೂ ತೆರೆದಿತ್ತು. ಇದೆಲ್ಲ ನಿಜ. ನಾನು ವಿಚಾರಿಸಿ ನೋಡಿದ್ದೇನೆ.

ಆಮೇಲೆ ಅವನು ಒಂದು ಮಾತು ಹೇಳುತ್ತಾನೆ. ಈ ಮನೆಯಲ್ಲಿ ಕೊನೆಯುಸಿರೆಳೆದವರೆಲ್ಲ ಗುರುಗಳು, ಎಲ್ಲರೂ ತುಂಬು ವಯಸ್ಸಿನವರು, ಎಲ್ಲರೂ ಹಾಸಿಗೆಯ ಮೇಲೆ ಶಾಂತವಾಗಿ ಹೋದರು.

ಇದು ನಿಜವಲ್ಲ. ನನ್ನ ಅಕ್ಕ ಈ ಮನೆಯಲ್ಲಿ ಸತ್ತಳು. ಅವಳು ಗುರುವಲ್ಲ. ತುಂಬು ವಯಸ್ಸಿನವಳಲ್ಲ. ಅವಳಿಗೆ ಹಾಸಿಗೆ ಇರಲಿಲ್ಲ.

ಗುರುಮನೆಯ ಹಿಂದಿನ ಗಲ್ಲಿಯಲ್ಲಿ ನಮ್ಮ ಮನೆ. ಗಲ್ಲಿಯ ಹೆಂಗಸರೆಲ್ಲ ಗುರುಮನೆಯ ಬಟ್ಟೆ ಒಗೆದವರು. ನನ್ನ ಅಜ್ಜಿ ಒಗೆದಳು, ಅಪ್ಪನ ಅಕ್ಕ ಒಗೆದಳು, ಮದುವೆಯಾಗಿ ಬಂದ ಮೇಲೆ ಅಮ್ಮ ಒಗೆದಳು. ಬಿಳಿ ನಿಲುವಂಗಿ, ಹಾಸಿಗೆಯ ಹೊದಿಕೆ, ಊಟದ ಮೇಜಿನ ಬಟ್ಟೆ. ಕ್ಷಾರದ ನೀರಿನಲ್ಲಿ ಕುದಿಸುವುದು, ಕಲ್ಲಿನ ಮೇಲೆ ಬಡಿಯುವುದು, ಹಿಂಡುವುದು, ಗಂಜಿ ಹಾಕುವುದು, ಒಣಗಿಸುವುದು, ಇಸ್ತ್ರಿ ಮಾಡುವುದು. ಕ್ಷಾರ ಕೈಯ ಚರ್ಮ ತಿನ್ನುತ್ತಿತ್ತು. ಅಮ್ಮ ಉಣ್ಣುವಾಗ ಉಪ್ಪು ಬೆರಳಿನ ಬಿರುಕಿಗೆ ತಾಗದಂತೆ ಅಂಗೈಯಲ್ಲಿ ತುತ್ತು ಎತ್ತುತ್ತಿದ್ದಳು. ನಾನು ಚಿಕ್ಕವಳಿದ್ದಾಗ ಎಲ್ಲರ ಅಮ್ಮಂದಿರೂ ಹಾಗೇ ಉಣ್ಣುತ್ತಾರೆ ಎಂದುಕೊಂಡಿದ್ದೆ.

ಹೆಂಗಸರು ಹಿಂಬಾಗಿಲಿನಿಂದ ಬರಬೇಕು. ಗುರುಗಳ ಕಣ್ಣಿಗೆ ಬೀಳಬಾರದು. ಅದಕ್ಕಾಗಿ ಗೋಡೆಯಲ್ಲಿ ಒಂದು ತಿರುಗುವ ಪೆಟ್ಟಿಗೆ ಇತ್ತು. ಆ ಕಡೆಯಿಂದ ಕೊಳೆ ಬಟ್ಟೆ ಇಟ್ಟು ತಿರುಗಿಸುತ್ತಿದ್ದರು. ಈ ಕಡೆಯಿಂದ ಮಡಿಕೆ ಹಾಕಿದ ಬಟ್ಟೆ ಇಟ್ಟು ತಿರುಗಿಸುತ್ತಿದ್ದರು. ಅಮ್ಮ ಅಷ್ಟು ವರ್ಷ ಒಬ್ಬ ಗುರುವಿನ ಮುಖವನ್ನೂ ನೋಡಿರಲಿಲ್ಲ. ಆದರೆ ಪ್ರತಿಯೊಬ್ಬನನ್ನೂ ಬಲ್ಲಳು. ಯಾರು ಊಟದಲ್ಲಿ ಚೆಲ್ಲಿಕೊಳ್ಳುತ್ತಾನೆ, ಯಾರು ಮೊಣಕಾಲೂರಿ ಪ್ರಾರ್ಥನೆ ಮಾಡುವುದಿಲ್ಲ, ಯಾರಿಗೆ ವಯಸ್ಸಾಗಿ ಹಾಸಿಗೆ ಒದ್ದೆಯಾಗುತ್ತದೆ, ಎಲ್ಲ ಬಟ್ಟೆ ಹೇಳುತ್ತಿತ್ತು. ಹೆಂಗಸರು ಹೆಸರಿಟ್ಟಿದ್ದರು. ಸೋರುಮೂಗು, ಎಣ್ಣೆತಲೆ, ಸವೆಯದ ಮಂಡಿ. ಒಬ್ಬನ ಜೇಬಿನಲ್ಲಿ ಯಾವಾಗಲೂ ಶಾಯಿಯ ಕಲೆ. ಅವನು ಮಸಿಜೇಬು. ಮನೆಯ ಮೇಲ್ವಿಚಾರಣೆ ಅವನದೇ ಎಂದು ಹೆಂಗಸರಿಗೆ ಗೊತ್ತಿತ್ತು. ಅಪ್ಪಣೆಗಳೆಲ್ಲ ಪೆಟ್ಟಿಗೆಯ ಆಚೆಯಿಂದ ಅವನ ದನಿಯಲ್ಲೇ ಬರುತ್ತಿದ್ದವು.

"ನಮ್ಮ ಗಂಡಂದಿರಿಗಿಂತ ಇವರ ಒಳಬಟ್ಟೆನೇ ನಮಗೆ ಜಾಸ್ತಿ ಪರಿಚಯ," ಎನ್ನುತ್ತಿದ್ದಳು ಅತ್ತೆ. ಅತ್ತೆ ಎಂದರೆ ಅಪ್ಪನ ಅಕ್ಕ, ಕೆಲಸದಲ್ಲಿ ಹಿರಿಯಳು. "ಇವರು ಸ್ವರ್ಗಕ್ಕೆ ಹೋಗ್ತಾರೋ ಇಲ್ವೋ ನನ್ನ ಕೇಳಿ. ಹೇಳ್ತೀನಿ."

ಇಸ್ತ್ರಿ ಕೋಣೆ ತೋಟದ ಕಡೆಗಿತ್ತು. ಆದರೆ ತೋಟ ಕಾಣುತ್ತಿರಲಿಲ್ಲ. ನಾಲ್ಕು ಕಡೆಯೂ ಗೋಡೆ, ಒಂದು ಬಾಗಿಲು, ಸೂರಿನ ಹತ್ತಿರ ಅಂಗೈಯಗಲದ ಒಂದು ಕಂಡಿ. ಇಸ್ತ್ರಿಪೆಟ್ಟಿಗೆಗಳಿಗೆ ಇದ್ದಿಲು. ಒಲೆಯಲ್ಲಿ ಇದ್ದಿಲು ಕೆಂಪಗೆ ಮಾಡಿ ಪೆಟ್ಟಿಗೆಗೆ ತುಂಬಬೇಕು, ಬೂದಿ ಊದಬೇಕು, ತಣ್ಣಗಾದರೆ ಮತ್ತೆ ತುಂಬಬೇಕು. ಬಾಗಿಲು ಮುಚ್ಚಿರಬೇಕು. ಅದು ಅಪ್ಪಣೆ. ತೆರೆದರೆ ಇದ್ದಿಲ ವಾಸನೆಯೂ ಹೆಂಗಸರ ಮಾತೂ ಓದುವ ಕೋಣೆಗೆ ಹೋಗುತ್ತವೆ.

ಕೆಂಡದ ಗಾಳಿ ಮುಚ್ಚಿದ ಕೋಣೆಯಲ್ಲಿ ಏನು ಮಾಡುತ್ತದೆಂಬುದನ್ನು ಈಗ ಯಾರು ಬೇಕಾದರೂ ಹೇಳಬಲ್ಲರು. ಆ ಹೆಂಗಸರು ಅದನ್ನು ಕರಿನಿದ್ದೆ ಎಂದು ಕರೆಯುತ್ತಿದ್ದರು. ಮೊದಲು ಕಣ್ಣ ಹಿಂದೆ ನೋವು. ಆಮೇಲೆ ಕಾಲು ಹಗುರ. ಆಮೇಲೆ ನಿದ್ದೆ. ಅದು ಕೆಲಸದ ಒಂದು ಭಾಗ ಎಂದು ಅಜ್ಜಿಯ ಕಾಲದಿಂದಲೂ ಒಪ್ಪಿಕೊಂಡಿದ್ದರು. ಎಲ್ಲರೂ ಒಟ್ಟಿಗೆ ಬಿದ್ದರೆ ಬಟ್ಟೆ ಸುಡುತ್ತದೆ. ಹಾಗಾಗಿ ಸರದಿ ಮಾಡಿಕೊಂಡಿದ್ದರು. ಯಾರಿಗೆ ತಡೆಯಲಾಗುವುದಿಲ್ಲವೋ ಅವಳು "ನನ್ನ ಸರದಿ" ಎಂದು ಬಟ್ಟೆಯ ರಾಶಿಯ ಮೇಲೆ ಮಲಗುವುದು. ಉಳಿದವರು ಅವಳ ಮುಖದ ಮೇಲೆ ಒದ್ದೆ ಬಟ್ಟೆ ಹಾಕಿ, ಅವಳ ಪಾಲಿನ ಬಟ್ಟೆಯನ್ನೂ ಇಸ್ತ್ರಿ ಮಾಡುವುದು. ಸ್ವಲ್ಪ ಹೊತ್ತಿಗೆ ಅವಳು ತಲೆ ಹಿಡಿದುಕೊಂಡು ಏಳುತ್ತಿದ್ದಳು. ಒಬ್ಬೊಬ್ಬಳು ವಾಂತಿ ಮಾಡಿಕೊಳ್ಳುತ್ತಿದ್ದಳು. ಆಮೇಲೆ ಇನ್ನೊಬ್ಬಳು ಮಲಗುತ್ತಿದ್ದಳು. ಮಲಗಿದವಳನ್ನು ಎಬ್ಬಿಸಬಾರದು ಎಂಬುದು ಅವರವರಲ್ಲೇ ಇದ್ದ ಮರ್ಯಾದೆ. ಇಡೀ ದಿನದಲ್ಲಿ ಅವರಿಗೆ ಸಿಗುತ್ತಿದ್ದ ವಿಶ್ರಾಂತಿ ಅದೊಂದೇ.

ಕಿಟಕಿ ಕೇಳಿದ್ದರು. ಅಜ್ಜಿ ಕೇಳಿದ್ದಳು. ನೋಡೋಣ ಎಂದರು. ಅತ್ತೆ ಕೇಳಿದ್ದಳು. ಅದಕ್ಕೂ ನೋಡೋಣ ಎಂದರು. ಅಮ್ಮ ಗೋಡೆಯ ತಿರುಗುವ ಪೆಟ್ಟಿಗೆಗೆ ಬಾಯಿಟ್ಟು ಮಸಿಜೇಬನ್ನೇ ಕೇಳಿದಳು.

"ಆ ಗೋಡೆ ಮೇಲೆ ಇಡೀ ಮಹಡಿ ಕೂತಿದೆಯಮ್ಮ," ಎಂದಿತು ಆಚೆಯ ದನಿ. ಸಿಟ್ಟಿಲ್ಲದ, ಮೆತ್ತಗಿನ ದನಿ. "ಒಂದು ಕಲ್ಲು ತೆಗೆದರೂ ಮನೆ ಕುಸಿಯುತ್ತೆ. ನಿಮ್ಮ ತಲೆ ಮೇಲೇ ಬೀಳುತ್ತೆ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು."

ಅತ್ತೆ ನಕ್ಕಳಂತೆ. "ದೇವರು ಗಾಳಿ ಕೊಟ್ಟರೂ ಪೂಜಾರಿ ಕೊಡಲ್ಲ. ಹಚ್ಚು ಒಲೆ."

ಅಕ್ಕ ಶಾಲೆ ಬಿಟ್ಟು ಆ ಕೋಣೆಗೆ ಹೋದಳು. ಅವಳನ್ನು ಎಲ್ಲರೂ ಚಟಾಕಿ ಎನ್ನುತ್ತಿದ್ದರು. ಬಾಯಿ ಜೋರು. ಸತ್ತ ಹೆಣವನ್ನೂ ನಗಿಸುತ್ತಾಳೆ ಎಂದು ಗಲ್ಲಿಯಲ್ಲಿ ಮಾತಿತ್ತು. ಗುರುಗಳ ನಿಲುವಂಗಿಯನ್ನು ಕೋಲಿಗೆ ತೊಡಿಸಿ ಅದರ ಬಾಯಿಂದ ಉಪದೇಶ ಕೊಡಿಸುತ್ತಿದ್ದಳಂತೆ. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಬಾಗಿಲು ಇನ್ನೂ ಗಟ್ಟಿಯಾಗಿ ಮುಚ್ಚಿ ಎಂದು ಅಪ್ಪಣೆ ಬಂದದ್ದು ಅವಳ ಕಾಲದಲ್ಲೇ. ಬಾಗಿಲ ಅಂಚಿಗೆ ಹಳೆಯ ಕಂಬಳಿ ತುಂಡು ಹೊಡೆದರು. ಅದಕ್ಕೆ ಮುಂಚೆ ಬಾಗಿಲ ಸಂದಿಯಿಂದಲಾದರೂ ಚೂರು ಗಾಳಿ ಬರುತ್ತಿತ್ತು.

ಆ ದಿನ ನಾನು ಮನೆಯಲ್ಲಿದ್ದೆ. ಮುಂದಿನದು ಅಮ್ಮ ಹೇಳಿದ್ದು, ಅತ್ತೆ ಹೇಳಿದ್ದು. ಇಬ್ಬರ ಮಾತಿನಲ್ಲಿ ಇರುವ ವ್ಯತ್ಯಾಸ ಒಂದೇ. ಮಲಗುವಾಗ ಅಕ್ಕ ನಕ್ಕಳು ಎನ್ನುತ್ತಿದ್ದಳು ಅತ್ತೆ. ನಗಲಿಲ್ಲ ಎನ್ನುತ್ತಾಳೆ ಅಮ್ಮ.

ಮರುದಿನ ಬೇರೆ ಊರುಗಳ ಗುರುಗಳ ಸಭೆ. ಬಟ್ಟೆ ಸೂರಿನವರೆಗೂ ಇತ್ತು. ಎಲ್ಲ ಇಸ್ತ್ರಿಪೆಟ್ಟಿಗೆಗಳೂ ಒಮ್ಮೆಗೇ ಉರಿಯುತ್ತಿದ್ದವು. ಮಧ್ಯಾಹ್ನ ಅಕ್ಕ "ನನ್ನ ಸರದಿ" ಎಂದಳು. ಒಲೆಯ ಎಡಗಡೆ, ಗೋಡೆಯ ಮೂಲೆಯಲ್ಲಿ, ಹೊದಿಕೆಗಳ ರಾಶಿಯ ಮೇಲೆ ಮಲಗಿದಳು. ಅಮ್ಮ ಅವಳ ಮುಖದ ಮೇಲೆ ಒದ್ದೆ ಬಟ್ಟೆ ಹಾಕಿದಳು. ಅವಳ ಪಾಲಿನ ನಿಲುವಂಗಿಗಳನ್ನು ತನ್ನ ಕಡೆ ಎಳೆದುಕೊಂಡಳು.

ಅತ್ತೆಗೂ ತಲೆ ಸಿಡಿಯುತ್ತಿತ್ತು. ಅಕ್ಕ ಎದ್ದರೆ ತಾನು ಮಲಗಬಹುದು ಎಂದು ಕಾಯುತ್ತಿದ್ದಳು. ಎಬ್ಬಿಸಲಿಲ್ಲ. ಹುಡುಗಿ, ಇನ್ನೂ ಸ್ವಲ್ಪ ಮಲಗಲಿ. ಅಮ್ಮ ಒಂದೊಂದೇ ನಿಲುವಂಗಿ ಮುಗಿಸಿದಳು. ತೋಳು, ಕೊರಳು, ಬೆನ್ನು, ಮುಂದಿನ ನೆರಿಗೆ. ಮಗಳ ಪಾಲು ಪೂರ್ತಿ ಮುಗಿದ ಮೇಲೆ ಬೆನ್ನು ನೆಟ್ಟಗೆ ಮಾಡಿದಳು.

"ಏಳೇ, ಸಾಕು ಸೋಗು," ಎಂದಳು ಅತ್ತೆ. "ಸಭೆ ಮುಗಿದ ಮೇಲೆ ಏಳ್ತೀಯೇನು?"

ಅಕ್ಕ ಏಳಲಿಲ್ಲ. ಒದ್ದೆ ಬಟ್ಟೆ ಮುಖದ ಮೇಲೇ ಒಣಗಿತ್ತು.

ಹೆಂಗಸರು ಬಾಗಿಲು ತೆರೆದು ಕೂಗಿದರು. ಆಗ ಒಬ್ಬ ಗುರು ಒಳಗೆ ಬಂದ. ಆ ಕೋಣೆಗೆ ಗುರುವೊಬ್ಬ ಕಾಲಿಟ್ಟದ್ದು ಅದೇ ಮೊದಲು. ಜೇಬಿನ ಮೇಲಿನ ಕಲೆ ನೋಡಿ ಅಮ್ಮನಿಗೆ ಯಾರೆಂದು ತಿಳಿಯಿತು. ವಯಸ್ಸು ಚಿಕ್ಕದು, ಅಮ್ಮನಿಗಿಂತ ಚಿಕ್ಕದು. ಅದು ಅವಳಿಗೆ ಆಶ್ಚರ್ಯವಾಯಿತಂತೆ. ಅವನು ಕೂತು ಅಕ್ಕನ ಮಣಿಕಟ್ಟು ಹಿಡಿದ. ಬಹಳ ಹೊತ್ತು ಹಿಡಿದುಕೊಂಡಿದ್ದ.

"ಜೀವ ಇದೆ. ಮನೆಗೆ ಕರ್ಕೊಂಡು ಹೋಗಿ."

"ತಣ್ಣಗಿದಾಳೆ ಸ್ವಾಮಿ."

"ಇದೆಯಮ್ಮ. ಬೇಗ ಮನೆಗೆ ಹೋಗಿ. ವೈದ್ಯರನ್ನ ಅಲ್ಲಿಗೇ ಕಳಿಸ್ತೀನಿ."

ಬಟ್ಟೆ ಸಾಗಿಸುವ ಕೈಗಾಡಿಯಲ್ಲಿ ಅಕ್ಕನನ್ನು ಮಲಗಿಸಿದರು. ಗಲ್ಲಿಯಲ್ಲಿ ಯಾರಿಗೂ ಕಾಣದಿರಲೆಂದು ಮೇಲೆ ಒಂದು ಹೊದಿಕೆ ಹೊದಿಸಲು ಅವನೇ ಹೇಳಿದ. ಇಸ್ತ್ರಿಯಾದ ಹೊದಿಕೆ. ಅಮ್ಮ ಗಾಡಿ ತಳ್ಳಿದಳು. ನಾನು ಬಾಗಿಲಲ್ಲಿದ್ದೆ. ಬಟ್ಟೆ ತಂದಿದ್ದಾಳೆ ಎಂದುಕೊಂಡೆ.

ವೈದ್ಯ ಬಂದ. ಹೃದಯ ದುರ್ಬಲ, ಹುಟ್ಟಿನಿಂದಲೂ ಇರಬೇಕು ಎಂದ. ಮನೆಯಲ್ಲಿ ಸತ್ತಳು ಎಂದಾಯಿತು. ಅಕ್ಕ ಒಂದು ದಿನ ಜ್ವರವೆಂದು ಮಲಗಿದವಳಲ್ಲ. ಅದನ್ನು ಕೇಳುವವರು ಇರಲಿಲ್ಲ.

ಮಾರನೆಯ ಬೆಳಿಗ್ಗೆ ಗುರುಮನೆಯ ಅಡುಗೆಯವನು ಬಂದು ಬಾಗಿಲ ಹೊರಗೆ ನಿಂತ. ಹೊದಿಕೆ ಬೇಕಂತೆ ಎಂದ. ಹೊರಗಿನಿಂದ ಬಂದ ಗುರುಗಳಿಗೆ ಒಂದು ಕಡಿಮೆ ಬಿದ್ದಿದೆ. ಅಮ್ಮ ಅಕ್ಕನ ಮೇಲಿಂದ ಅದನ್ನು ತೆಗೆದಳು. ಮಡಿಚಿದಳು. ಅಂಚಿಗೆ ಅಂಚು ಕೂಡಿಸಿಯೇ ಮಡಿಚಿದಳು. ಕೊಟ್ಟಳು.

ಅಮ್ಮ ಅತ್ತದ್ದನ್ನು ನಾನು ನೋಡಿಲ್ಲ. ಆಗಲೂ ಇಲ್ಲ, ಆಮೇಲೂ ಇಲ್ಲ. ಕೆಲವೇ ದಿನಗಳಲ್ಲಿ ಕೆಲಸಕ್ಕೆ ಹೋದಳು. ಹೋಗದೆ ಏನು ಮಾಡಬೇಕಿತ್ತು ಎಂದು ನನ್ನನ್ನು ಕೇಳಬೇಡಿ. ಅದೇ ಕೋಣೆ, ಅದೇ ಬಾಗಿಲು. ಹೆಂಗಸರು ಸರದಿ ಬಿಟ್ಟರು. ತಲೆ ತಿರುಗಿದರೂ ಮಲಗುತ್ತಿರಲಿಲ್ಲ. ಮೇಜು ಹಿಡಿದು ನಿಲ್ಲುತ್ತಿದ್ದರು. ಅತ್ತೆ ಮಾತಾಡುವುದನ್ನೇ ಕಡಿಮೆ ಮಾಡಿದಳು. ಬಾಗಿಲಿಗೆ ಕಂಬಳಿ ಬೇಕಾಗಿರಲಿಲ್ಲ. ಆದರೂ ಇತ್ತು.

ವರ್ಷಗಳು ಹೋದವು. ಗುರುಗಳು ಕಡಿಮೆಯಾದರು. ಬಟ್ಟೆ ತೊಳೆಯುವ ಯಂತ್ರ ಬಂತು, ನಾಳೆಯಿಂದ ಬರಬೇಡಿ ಎಂದರು. ಅತ್ತೆ ಕೆಮ್ಮಿ ಕೆಮ್ಮಿ ತೀರಿಕೊಂಡಳು. ಗುರುಮನೆಗೆ ಬೀಗ ಬಿತ್ತು. ತೋಟ ಊರಿಗೆ ಬಿಟ್ಟುಕೊಟ್ಟರು, ಜನ ಅಲ್ಲಿ ಸಂಜೆ ಓಡಾಡತೊಡಗಿದರು. ಆಮೇಲೆ ಹಳೆಯ ಕಟ್ಟಡಗಳನ್ನು ಉಳಿಸುವ ಸಂಸ್ಥೆಯೊಂದು ಮನೆಯನ್ನು ಕೈಗೆ ತೆಗೆದುಕೊಂಡಿತು. ವ್ಯವಸ್ಥಾಪಕನಾಗಿ ಒಬ್ಬ ಯುವಕ ಬಂದ. ಒಳ್ಳೆಯ ಮಾತಿನವನು. ಚಪ್ಪಲಿ ಹೊರಗೆ ಬಿಟ್ಟು ನಮ್ಮ ಮನೆಯೊಳಗೆ ಬಂದು ನೆಲದ ಮೇಲೇ ಕೂತ.

"ಆ ಕೆಲಸ ಗೊತ್ತಿರೋರಲ್ಲಿ ಈಗ ಉಳಿದಿರೋರು ನೀವೊಬ್ಬರೇ ಅಮ್ಮ. ಜನ ಬಂದಾಗ ಒಂದೇ ಒಂದು ನಿಲುವಂಗಿ ಇಸ್ತ್ರಿ ಮಾಡಿ ತೋರಿಸಿ. ಹಳೇ ಪೆಟ್ಟಿಗೆ, ಹಳೇ ಕೋಣೆ. ನೀವೂ ಈ ಮನೆ ಚರಿತ್ರೆನೇ ಅಲ್ವಾ."

"ನಾನಾ?" ಎಂದಳು ಅಮ್ಮ. "ಹಾಗಾದ್ರೆ ನನ್ನೂ ಒರೆಸಿ ಇಡ್ತೀರಾ ಗಾಜಿನ ಪೆಟ್ಟಿಗೇಲಿ?"

ಅವನು ನಕ್ಕ. ಅಮ್ಮ ನಗಲಿಲ್ಲ. ಆದರೆ ನೋಡಿ ಬರುತ್ತೇನೆ ಎಂದಳು. ನಾನೂ ಜೊತೆಗೆ ಹೋದೆ.

ಇಸ್ತ್ರಿ ಕೋಣೆಯಲ್ಲಿ ಧೂಳು. ಮೇಸ್ತ್ರಿಯೊಬ್ಬ ಗೋಡೆಗೆ ಉಳಿ ಹಿಡಿದು ಹೊಡೆಯುತ್ತಿದ್ದ. ತೋಟದ ಕಡೆಯ ಗೋಡೆ. ಅದರಲ್ಲಿ ಒಂದು ತೂತು ಬಿದ್ದಿತ್ತು. ತೂತಿನಿಂದ ಬೆಳಕು ನೆಲಕ್ಕೆ ಬಿದ್ದಿತ್ತು.

"ನೋಡಿ ಅಮ್ಮ, ಇದು ನಮಗೂ ಗೊತ್ತಿರಲಿಲ್ಲ," ಎಂದ ವ್ಯವಸ್ಥಾಪಕ. ಅವನ ಮುಖ ಅರಳಿತ್ತು. "ಮೊದಲು ಕಟ್ಟಿದಾಗ ಇಲ್ಲಿ ಕಿಟಕಿ ಇತ್ತು. ಆಮೇಲೆ ಯಾವಾಗಲೋ ಮುಚ್ಚಿದಾರೆ. ನಾವು ಮನೇನ ಮೂಲ ಸ್ಥಿತಿಗೆ ತರ್ತಿದೀವಿ."

"ಯಾರು ಮುಚ್ಚಿದ್ದು?"

"ಗೊತ್ತಿಲ್ಲ. ಹಳೇ ಕಾಲದ್ದು."

ಅಮ್ಮ ತೂತಿನ ಹತ್ತಿರ ಹೋಗಿ ಹೊರಗೆ ನೋಡಿದಳು. ಕಿಟಕಿಯ ನೇರಕ್ಕೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಗುರುಗಳು ಪ್ರಾರ್ಥನೆ ಹೇಳಿಕೊಂಡು ಓಡಾಡಿದ ದಾರಿ. ಯಾಕೆ ಮುಚ್ಚಿದರು ಎಂದು ಅವಳು ಕೇಳಲಿಲ್ಲ.

"ಮೇಲಿನ ಮಹಡಿ ಇದರ ಮೇಲೆ ಕೂತಿಲ್ವಾ?" ಎಂದು ಮೇಸ್ತ್ರಿಯನ್ನು ಕೇಳಿದಳು.

ಮೇಸ್ತ್ರಿ ಉಳಿಯಿಂದ ಮೇಲೆ ತೋರಿಸಿದ. "ಅಲ್ಲಿ ಕಲ್ಲಿನ ತೊಲೆ ಇದೆ ನೋಡಿ. ಭಾರ ಎಲ್ಲ ಅದರ ಮೇಲೆ. ಇದು ಬರೀ ಇಟ್ಟಿಗೆ ತುಂಬಿರೋದು. ತೆಗೆದ್ರೆ ಏನೂ ಆಗಲ್ಲ."

"ಎಷ್ಟು ಹೊತ್ತಾಯ್ತು ಶುರು ಮಾಡಿ?"

"ತಿಂಡಿ ತಿಂದು ಶುರು ಮಾಡಿದೆ. ಊಟಕ್ಕೆ ಮುಂಚೆ ಮುಗಿಯುತ್ತೆ."

ಅಮ್ಮ ತೂತಿನೊಳಗೆ ಕೈ ಹಾಕಿದಳು. ಭುಜದವರೆಗೆ ಹಾಕಿ ಹಾಗೇ ನಿಂತಳು. ಮೇಸ್ತ್ರಿ ಸುತ್ತಿಗೆ ಕೆಳಗಿಟ್ಟು ಕಾದ. ಅವಳ ಬೆರಳುಗಳು ಹೊರಗಿನ ಗಾಳಿಯಲ್ಲಿದ್ದವು. ಮುಖ ಒಳಗಿತ್ತು. ಮುಖದಲ್ಲಿ ಏನೂ ಇರಲಿಲ್ಲ.

ಕೈ ತೆಗೆದು ವ್ಯವಸ್ಥಾಪಕನಿಗೆ ಹೇಳಿದಳು. "ಇಸ್ತ್ರಿ ಮಾಡ್ತೀನಿ. ನನಗೊಂದು ಬೇಕು."

"ಹೇಳಿ ಅಮ್ಮ."

"ನನ್ನ ದೊಡ್ಡ ಮಗಳು ಈ ಕೋಣೇಲಿ ಸತ್ತಳು. ಕೆಂಡದ ಗಾಳಿ ಕುಡಿದು. ಬಂದವರಿಗೆ ನೀವು ಎಲ್ಲ ಹೇಳ್ತೀರಲ್ಲ, ಹೊಳೆ ಬಂದಿದ್ದು, ಬಾಗಿಲು ತೆಗೆದಿದ್ದು. ಇಲ್ಲಿಗೆ ಬಂದಾಗ ಈ ಮಾತೂ ಹೇಳಿ. ಇಲ್ಲಿ ಒಬ್ಬಳು ಹುಡುಗಿ ಸತ್ತಳು ಅಂತ. ಅಷ್ಟೇ. ಯಾರನ್ನೂ ಬೈಯೋದು ಬೇಡ."

ವ್ಯವಸ್ಥಾಪಕ ತಲೆ ತಗ್ಗಿಸಿದ. ಅವನಿಗೆ ನೋವಾಯಿತೆಂದೇ ನನಗೆ ಅನ್ನಿಸಿತು. "ನಾವು ಹೇಳೋ ಪ್ರತಿ ಮಾತಿಗೂ ಆಧಾರ ಬೇಕಮ್ಮ. ಸುಮ್ಮನೆ ಹೇಳೋ ಹಾಗಿಲ್ಲ. ನೀವೇ ಹೇಳಿ, ಮನೇಲಿ ಸತ್ತಿದ್ದು ಅಂತ ತಾನೆ ಆಗಿರೋದು?"

"ಮಸಿಜೇಬು ಇದಾನಾ?"

ಯಾರೆಂದು ನಾನು ಬಿಡಿಸಿ ಹೇಳಿದೆ. ಇದ್ದಾರೆ ಎಂದ ವ್ಯವಸ್ಥಾಪಕ. ಬಹಳ ವಯಸ್ಸಾಗಿದೆ. ಮನೆಯನ್ನು ಜನರಿಗೆ ತೆರೆಯುವ ಪ್ರಾರಂಭದ ದಿನ ಅವರೇ ಮುಖ್ಯ ಅತಿಥಿ.

"ಅವನು ಕೈ ಹಿಡಿದು ನೋಡಿದೋನು. ಅವನೇ ಹೇಳಲಿ. ಅದು ಆಧಾರ ಆಗುತ್ತಾ?"

"ಅವರು ಹೇಳಿದ್ರೆ ಆಗುತ್ತೆ," ಎಂದ ವ್ಯವಸ್ಥಾಪಕ.

ಪ್ರಾರಂಭದ ದಿನ ಕಿಟಕಿಗೆ ಸರಳು, ಮರದ ಬಾಗಿಲು ಕೂಡಿಸಿ, ಬಣ್ಣ ಬಳಿದು, ತೆರೆದಿಟ್ಟಿದ್ದರು. ಅಮ್ಮ ಒಲೆ ಹಚ್ಚಿ ಪೆಟ್ಟಿಗೆ ತುಂಬಿದಳು. ಕೈ ಮರೆತಿರಲಿಲ್ಲ. ಮೇಜಿನ ಮೇಲೆ ಹೊಸದಾಗಿ ಹೊಲಿಸಿದ ಬಿಳಿ ನಿಲುವಂಗಿ. ಅತಿಥಿಗಳು ಗೋಡೆಗುಂಟ ನಿಂತರು. ಮುದುಕ ಗುರುವನ್ನು ಇಬ್ಬರು ಹಿಡಿದು ತಂದು ಕುರ್ಚಿಯ ಮೇಲೆ ಕೂರಿಸಿದರು. ಅವನ ಜೇಬಿನ ಮೇಲೆ ಕಲೆ ಇರಲಿಲ್ಲ. ಬರೆಯುವುದು ನಿಂತು ಎಷ್ಟು ಕಾಲವಾಗಿತ್ತೋ. ಆದರೂ ಅಮ್ಮ ಗುರುತು ಹಿಡಿದಳು. ದನಿಯಿಂದ.

"ಗಾಳಿ ಚೆನ್ನಾಗಿ ಬರುತ್ತೆ ಇಲ್ಲಿ," ಎಂದ ಅವನು.

"ಈಗ ಬರುತ್ತೆ ಸ್ವಾಮಿ," ಎಂದಳು ಅಮ್ಮ. "ನನ್ನ ಮಗಳು ನೆನಪಿದೆಯಾ?"

ಅವನು ಕಣ್ಣು ಕಿರಿದು ಮಾಡಿ ಅವಳನ್ನು ನೋಡಿದ. ಅವನ ಮುಖ ಮೃದುವಾಯಿತು. "ನೆನಪಿದೆ. ಜೋರು ಹುಡುಗಿ. ಅವಳ ನಗು ಓದೋ ಕೋಣೆವರೆಗೂ ಕೇಳಿಸ್ತಿತ್ತು. ಪಾಪ, ಹೃದಯದ ತೊಂದರೆ ಇತ್ತಲ್ಲ."

"ಅವಳು ಎಲ್ಲಿ ಸತ್ತಳು ಅಂತ ಇವರಿಗೆ ಹೇಳಿ."

"ನಿಮ್ಮ ಮನೇಲಿ ಅಲ್ವೇನಮ್ಮ."

ಅಮ್ಮ ಪೆಟ್ಟಿಗೆಯನ್ನು ನಿಲುವಂಗಿಯ ಮೇಲಿಂದ ಎತ್ತಿ ಪಕ್ಕದ ಕಲ್ಲಿನ ಮೇಲಿಟ್ಟಳು. "ನೀವು ಇಲ್ಲೇ ಕೂತು ಅವಳ ಕೈ ಹಿಡಿದು ನೋಡಿದಿರಿ. ಬೆಚ್ಚಗಿತ್ತಾ, ತಣ್ಣಗಿತ್ತಾ?"

ಗೋಡೆಗುಂಟ ನಿಂತವರಲ್ಲಿ ಯಾರೋ ಕೆಮ್ಮಿದರು. ಮುದುಕ ತನ್ನ ಅಂಗೈ ನೋಡಿಕೊಂಡ.  

"ಎಷ್ಟು ಹಳೇ ಮಾತು ಅದು. ದೇವರಿಗೆ ಗೊತ್ತು," ಎಂದ.

"ದೇವರಿಗೆ ಗೊತ್ತಿರೋದು ನನಗೂ ಗೊತ್ತು. ನಿಮಗೆ ಗೊತ್ತಾ ಅಂತ ಕೇಳ್ತಿರೋದು."

 ವ್ಯವಸ್ಥಾಪಕ ಮುಂದೆ ಬಂದ. ಮೆಲ್ಲಗೆ, ಯಾರಿಗೂ ಕೇಳದಂತೆ ಹೇಳಿದ. "ಅಮ್ಮ, ಈಗ ಬೇಡ. ಎಲ್ಲ ನೋಡ್ತಿದಾರೆ. ಆ ಬಟ್ಟೆ ಒಂದು ಮುಗಿಸಿಬಿಡಿ."

"ಮಾಡಲ್ಲ," ಎಂದಳು ಅಮ್ಮ.

"ಅಮ್ಮ…"

"ಒಂದು ತೋಳು ಆಗಿದೆ. ಉಳಿದಿದ್ದು ನಾನು ಮಾಡಲ್ಲ. ಈ ಮನೆ ಬಟ್ಟೆ ನಾನು ಇನ್ನು ಮುಟ್ಟಲ್ಲ."

ಚೊಂಬಿನಲ್ಲಿದ್ದ ನೀರನ್ನು ಕೆಂಡದ ಮೇಲೆ ಹೊಯ್ದಳು. ಕೋಣೆಯಲ್ಲಿ ಬೂದಿ ಎದ್ದಿತು. ಅತಿಥಿಗಳು ಹಿಂದೆ ಸರಿದು ಬಟ್ಟೆ ಕೊಡವಿಕೊಂಡರು. ಮುದುಕನ ಮಡಿಲ ಮೇಲೂ ಬೂದಿ ಬಿತ್ತು. ಅವನು ಅದನ್ನು ಕೊಡವಿಕೊಳ್ಳಲಿಲ್ಲ. ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಹೊರಟಳು.

ಅದಾದ ಮೇಲೆ ಅವಳು ದಿನಾ ತೋಟಕ್ಕೆ ಹೋಗತೊಡಗಿದಳು. ತೋಟ ಊರಿನದು. ದಾರಿಯಲ್ಲಿ, ಕಿಟಕಿಯ ಹೊರಗೆ ನಿಲ್ಲುತ್ತಿದ್ದಳು. ಒಳಗೆ ನೋಡುವವರ ಗುಂಪು ಬಂದಾಗ ಕಿಟಕಿಯಿಂದ ಹೇಳುತ್ತಿದ್ದಳು. "ಇಲ್ಲಿ ನನ್ನ ಮಗಳು ಸತ್ತಳು." ಅಷ್ಟೇ. ಜೋರಾಗಿ ಅಲ್ಲ. ತರಕಾರಿ ಮಾರುವವಳು ಬೆಲೆ ಹೇಳುವ ದನಿ. ಕೆಲವರು ಮುಖ ತಿರುಗಿಸಿದರು. ಕೆಲವರು ಹೇಗೆ ಎಂದು ಕೇಳಿದರು. ಕೇಳಿದವರಿಗೆ ಹೇಳಿದಳು. ಒಬ್ಬ ಅವಳ ಫೋಟೋ ತೆಗೆದುಕೊಂಡ. ಇದೂ ಪ್ರದರ್ಶನದ ಭಾಗವೇ ಎಂದು ವ್ಯವಸ್ಥಾಪಕನನ್ನು ಕೇಳಿದನಂತೆ.

ನಾನು ಬೇಡ ಎಂದೆ. ಹುಚ್ಚಿ ಅಂತಾರೆ ಅಮ್ಮ, ಎಂದೆ.

"ಅನ್ನಲಿ. ಹುಚ್ಚಿ ಸುಳ್ಳು ಹೇಳಲ್ಲ ಅಂತಲೂ ಅಂತಾರೆ."

"ಎಷ್ಟು ದಿನ ನಿಲ್ತೀಯ?"

"ಒಳಗಿದ್ದಷ್ಟು ದಿನ ಹೊರಗೆ ನಿಲ್ಲೋಕೆ ಆಯಸ್ಸು ಸಾಲಲ್ಲ ಬಿಡು," ಎಂದಳು.

ವ್ಯವಸ್ಥಾಪಕ ಎರಡು ಸಲ ಬಂದು ಕೈಮುಗಿದ. ಮೂರನೆಯ ಸಲ ಬರಲಿಲ್ಲ. ಕಿಟಕಿಯ ಬಾಗಿಲು ಮುಚ್ಚಿ ಒಳಗಿನಿಂದ ಅಗುಳಿ ಹಾಕಿಸಿದ. ತೋಟದ ಧೂಳು ಬರುತ್ತದೆ ಎಂದು ಬಂದವರಿಗೆ ಹೇಳಿದ. ಇಸ್ತ್ರಿಗೆ ಬೇರೆ ಹುಡುಗಿಯನ್ನು ಇಟ್ಟುಕೊಂಡ. ಊರಾಚೆಯ ಹುಡುಗಿ. ಅವಳಿಗೆ ಗುರುಮನೆಯ ಚಿಹ್ನೆ ಹೊಲಿದ ನಿಲುವಂಗಿ ತೊಡಿಸಿದ. ಯಾರಾದರೂ ಏನಾದರೂ ಕೇಳಿದರೆ ಮೇಲಿನವರನ್ನು ಕೇಳಿ ಅನ್ನಬೇಕು ಎಂದು ಹೇಳಿಕೊಟ್ಟ.

ಕಿಟಕಿ ಮುಚ್ಚಿದ ಮಾರನೆಯ ದಿನ ನಾನು ನೋಡುವವರ ಗುಂಪಿನೊಂದಿಗೆ ಒಳಗೆ ಹೋದೆ. ವ್ಯವಸ್ಥಾಪಕ ನನ್ನನ್ನು ಕಂಡ. ಕಂಡೂ ಗುಂಪನ್ನು ಒಳಗೆ ಕರೆದುಕೊಂಡ. ಮೆಟ್ಟಿಲು, ಊಟದ ಕೋಣೆ, ಓದುವ ಕೋಣೆ, ತಿರುಗುವ ಪೆಟ್ಟಿಗೆ. ಜನ ಅದನ್ನು ತಿರುಗಿಸಿ ನೋಡಿ ನಕ್ಕರು. ಕೊನೆಗೆ ಇಸ್ತ್ರಿ ಕೋಣೆ. ಎಲ್ಲರೂ ಒಳಗೆ ಬಂದ ಮೇಲೆ ಅವನು ಬಾಗಿಲು ಎಳೆದುಕೊಂಡ. ಹಳೆಯ ಕಾಲದ ಅನುಭವ ಸಿಗಲಿ ಎಂದ. ಕತ್ತಲು, ಕೆಂಡದ ಬೆಳಕು. ಯಾರೋ ಚೆನ್ನಾಗಿದೆ ಎಂದರು.

ಹುಡುಗಿ ಬೆಳಗಿನಿಂದ ಅಲ್ಲೇ ಇದ್ದಳು. ಇಪ್ಪತ್ತು ದಾಟಿರಲಿಕ್ಕಿಲ್ಲ. ಹಣೆ ಬೆವೆತಿತ್ತು. ಪೆಟ್ಟಿಗೆಯನ್ನು ಎತ್ತುವ ಮುಂಚೆ ಒಂದು ಗಳಿಗೆ ನಿಲ್ಲುತ್ತಿದ್ದಳು. ಕಣ್ಣು ಒತ್ತಿ ಮುಚ್ಚಿ ತೆರೆಯುತ್ತಿದ್ದಳು. ಸಂಜೆ ಕೆಲಸದಿಂದ ಬಂದ ಅಮ್ಮ ಮನೆಯ ಹೊಸ್ತಿಲಲ್ಲಿ ನಿಂತು ಹಾಗೇ ಮಾಡುತ್ತಿದ್ದಳು.

ಮುಚ್ಚಿದ ಕಿಟಕಿಯ ಆಚೆಯಿಂದ ದನಿ ಬಂತು. ಮರದ ಹಿಂದೆ ಅದು ಸಣ್ಣಗೆ ಕೇಳಿಸಿತು. "ಇಲ್ಲಿ ನನ್ನ ಮಗಳು ಸತ್ತಳು."

ವ್ಯವಸ್ಥಾಪಕ ತನ್ನ ಮಾತಿನ ದನಿ ಏರಿಸಿದ. ಗಂಜಿ ಹಾಕುವ ಕ್ರಮ ವಿವರಿಸತೊಡಗಿದ.

"ಒಳಗೆ ಯಾರಿದೀಯಮ್ಮ?" ಆಚೆಯ ದನಿ ಕೇಳಿತು. "ಇಸ್ತ್ರಿ ಮಾಡ್ತಿರೋಳು. ತಲೆ ನೋಯ್ತಿದೆಯಾ?"

ಹುಡುಗಿ ಕೈ ನಿಲ್ಲಿಸಿದಳು.

"ನೀನು ಮುಂದುವರಿಸು," ಎಂದ ವ್ಯವಸ್ಥಾಪಕ.

"ನೋಯ್ತಿದೆ," ಎಂದಳು ಹುಡುಗಿ, ಕಿಟಕಿಯ ಕಡೆಗೆ.

"ಹಣೇಲಾ, ಕಣ್ಣ ಹಿಂದಾ?"

"ಕಣ್ಣ ಹಿಂದೆ."

"ಕಾಲು?"

"ಕಾಲು ಇದ್ದ ಹಾಗೇ ಇಲ್ಲ ಅಜ್ಜಿ."

"ಕಿಟಕಿ ತೆಗಿ ಮಗಳೇ."

"ತೆಗೀಬೇಡ," ಎಂದ ವ್ಯವಸ್ಥಾಪಕ. ಅವನ ದನಿಯಲ್ಲಿ ಮೊದಲ ಸಲ ಮೃದುತ್ವ ಇರಲಿಲ್ಲ. "ಕೆಲಸ ಬೇಕಾ ಬೇಡ್ವಾ ನಿನಗೆ?"

ಹುಡುಗಿ ಅವನನ್ನು ನೋಡಿದಳು. ಪೆಟ್ಟಿಗೆಯನ್ನು ಕಲ್ಲಿನ ಮೇಲಿಟ್ಟಳು. ಗೋಡೆ ಹಿಡಿದುಕೊಂಡು ನಡೆದು ಹೋಗಿ ಅಗುಳಿ ತೆಗೆದಳು. ಎರ‌ಡೂ ಬಾಗಿಲು ಹೊರಗೆ ತಳ್ಳಿದಳು. ಬೆಳಕು ಬಂತು. ಕಿಟಕಿಯ ಚೌಕಟ್ಟಿನಲ್ಲಿ ಅಮ್ಮನ ಮುಖವಿತ್ತು. ಹುಡುಗಿ ಸರಳು ಹಿಡಿದು, ಬಾಯಿ ತೆರೆದು ಗಾಳಿ ಎಳೆದುಕೊಂಡಳು. 

ಸ್ವಲ್ಪ ಹೊತ್ತಿನ ಮೇಲೆ ಹುಡುಗಿ ಕೇಳಿದಳು. "ಎಲ್ಲಿ ಮಲಗಿದ್ದಳು?"

ಅಮ್ಮ ಸರಳಿನ ನಡುವೆ ಕೈ ತೂರಿಸಿ ತೋರಿಸಿದಳು. ಒಲೆಯ ಎಡಗಡೆ, ಗೋಡೆಯ ಮೂಲೆ.

ಹುಡುಗಿ ಗುಂಪಿನ ಕಡೆ ತಿರುಗಿದಳು. ಗುರುಮನೆಯ ಚಿಹ್ನೆ ಅವಳ ಎದೆಯ ಮೇಲಿತ್ತು. ಅವಳಿಗೆ ಇನ್ನೂ ಸರಿಯಾಗಿ ನಿಲ್ಲಲು ಆಗುತ್ತಿರಲಿಲ್ಲ. ಒಂದು ಕೈಯಿಂದ ಸರಳು ಹಿಡಿದೇ ಇದ್ದಳು.

"ಇಲ್ಲಿ ಒಬ್ಬಳು ಹುಡುಗಿ ಸತ್ತಳು," ಎಂದಳು. "ಆ ಮೂಲೇಲಿ. ಇದೇ ಕೆಲಸ ಮಾಡ್ತಾ."

 

ಮೂಲೆಯಲ್ಲಿ ನಿಂತಿದ್ದ ಹೆಂಗಸೊಬ್ಬಳು ನೆಲ ನೋಡಿದಳು. ಕಾಲು ಹಿಂದಕ್ಕೆ ತೆಗೆದುಕೊಂಡಳು.